ಹಾಲು ಬೇಕಂತೆ

ಬೆಳಗ್ಗೆ ಆರೂವರೆ. ನಮ್ಮ ಬೀದಿಯ ಹಾಲಿನ ಬೂತಿನ ಮುಂದೆ ನಿಂತಿದ್ದೆ. ನನಗಿಂತ ಮುಂದೆ ಒಂದು ಪುಟ್ಟ ಹುಡುಗಿ. ಐದು ವರ್ಷ ತುಂಬಿತ್ತೋ ಇಲ್ಲವೋ. ಕೈಯಲ್ಲಿ ಬಟ್ಟೆ ಚೀಲ, ಇನ್ನೊಂದು ಕೈಯ ಮುಷ್ಟಿಯಲ್ಲಿ ಬೆವರಿಗೆ ಒದ್ದೆಯಾದ ನೋಟು. ಎದುರು ಮನೆಯ ಗೇಟಿನಲ್ಲಿ ಅವಳ ಅಜ್ಜಿ ನಿಂತು ನೋಡುತ್ತಿದ್ದರು. ಹುಡುಗಿ ಕಟ್ಟೆಯ ಅಂಚಿಗೆ ಗಲ್ಲ ತಾಗಿಸಿ ಹೇಳಿದಳು: “ಅಜ್ಜಿಗೆ ಹಾಲು ಬೇಕಂತೆ.”

ಬೂತಿನವರು ಖಾಲಿ ಕ್ರೇಟು ಪಕ್ಕಕ್ಕೆ ಸರಿಸುತ್ತ, “ಆಲು ಖಾಲಿ ಕಣವ್ವ, ಒಂಬತ್ತಕ್ಕೆ ಬತ್ತದೆ” ಅಂದರು.

ನನಗೂ ಹಾಲು ಸಿಗಲಿಲ್ಲ. ಆದರೆ ಈ ಅಧ್ಯಾಯ ಸಿಕ್ಕಿತು. ಮಗುವಿನ ಮೂರು ಪದ, ಬೂತಿನವರ ಐದು ಪದ: ಭಾಷಾವಿಜ್ಞಾನದ ಮುಖ್ಯ ಶಾಖೆಗಳೆಲ್ಲ ಇಷ್ಟರೊಳಗೇ ಇವೆ.

ಒಂದು ತಪ್ಪು ಕಲ್ಪನೆಯನ್ನು ಮೊದಲೇ ದಾಟಿಬಿಡೋಣ. ಭಾಷಾವಿಜ್ಞಾನಿ ಎಂದು ಪರಿಚಯಿಸಿದ ತಕ್ಷಣ ಜನ ಕೇಳುವ ಪ್ರಶ್ನೆ, “ನಿಮಗೆ ಎಷ್ಟು ಭಾಷೆ ಬರುತ್ತೆ?” ಪ್ರಾಣಿವಿಜ್ಞಾನಿಯನ್ನು “ಎಷ್ಟು ದನ ಸಾಕಿದ್ದೀರಿ?” ಎಂದು ಕೇಳಿದ ಹಾಗಿದು. ಹತ್ತು ಭಾಷೆ ಆಡುವುದು ಬೇರೆ, ಒಂದೇ ಭಾಷೆ ಒಳಗೆ ಹೇಗೆ ಓಡುತ್ತದೆ ಎಂದು ಬಿಚ್ಚಿ ನೋಡುವುದು ಬೇರೆ. ಶುದ್ಧ ಭಾಷೆ ಯಾವುದು ಎಂದು ತೀರ್ಪು ಕೊಡುವುದಂತೂ ಈ ವಿಜ್ಞಾನದ ಕೆಲಸವೇ ಅಲ್ಲ.

ಬಾಯಿಂದ ಶುರು ಮಾಡೋಣ. “ಹಾಲು” ಎನ್ನಿ. ಹ ಬರೀ ಉಸಿರು, ಗಂಟಲಲ್ಲಿ ತುಸು ಉಜ್ಜಿಕೊಂಡು ಬರುತ್ತದೆ, ತುಟಿಗಾಗಲೀ ನಾಲಗೆಗಾಗಲೀ ಕೆಲಸವಿಲ್ಲ. ಲ ಬಂದಾಗ ನಾಲಗೆಯ ತುದಿ ಮೇಲಿನ ಹಲ್ಲಿನ ಹಿಂದಿನ ಒಸಡಿಗೆ ತಾಗುತ್ತದೆ, ಗಾಳಿ ಎರಡೂ ಪಕ್ಕದಿಂದ ಜಾರಿ ಹೋಗುತ್ತದೆ. ಈಗ “ಹಾಳು” ಎನ್ನಿ. ನಾಲಗೆಯ ತುದಿ ಹಿಂದಕ್ಕೆ ಮಡಚಿ ಅಂಗುಳಕ್ಕೆ ತಾಗಿತು. ಅರ್ಧ ಅಂಗುಲದ ಆಚೀಚೆ, ಅಷ್ಟರಲ್ಲಿ ಹಾಲು ಹಾಳಾಯಿತು! ಸದ್ದು ಹುಟ್ಟುವ ಬಗೆಯನ್ನು ಹೀಗೆ ಅಳೆದು ವಿವರಿಸುವುದು ಧ್ವನಿವಿಜ್ಞಾನ.

ಈ ಅರ್ಧ ಅಂಗುಲದ ವ್ಯತ್ಯಾಸ ಎಲ್ಲರ ಕಿವಿಗೂ ಕೇಳಿಸುವುದಿಲ್ಲ. ಇಂಗ್ಲಿಷ್ ತಾಯ್ನುಡಿಯವರಿಗೆ ಲ-ಳ, ತ-ಟ ಕಲಿಸಲು ಹೋದವರಿಗೆ ಈ ಪಾಡು ಗೊತ್ತು. ಸ್ವಾರಸ್ಯವೆಂದರೆ, ಅವರೂ ಹುಟ್ಟುವಾಗ ಕಿವುಡರಲ್ಲ. ಕೆನಡಾದ ಸಂಶೋಧಕರಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇಂಗ್ಲಿಷ್ ಮನೆಗಳ ಆರರಿಂದ ಎಂಟು ತಿಂಗಳ ಶಿಶುಗಳು ಹಿಂದಿಯ ತ-ಟ ವ್ಯತ್ಯಾಸವನ್ನು ಸಲೀಸಾಗಿ ಗುರುತಿಸಿದವು. ವರ್ಷ ತುಂಬುವ ಹೊತ್ತಿಗೆ ಆ ಸಾಮರ್ಥ್ಯ ಬಹುಪಾಲು ಹೋಗಿತ್ತು. ಮನೆಯ ಭಾಷೆಗೆ ಬೇಡದ ವ್ಯತ್ಯಾಸವನ್ನು ಮಗು ಬಿಟ್ಟುಕೊಡುತ್ತದೆ. ಭಾಷೆ ಕಲಿಯುವುದರಲ್ಲಿ ಅರ್ಧ ಕೆಲಸ ಕೇಳಿಸಿಕೊಳ್ಳುವುದು, ಇನ್ನರ್ಧ ಕೇಳಿಸಿಕೊಳ್ಳದಿರುವುದು.

ನಾವು ಕನ್ನಡಿಗರೂ ಹಾಗೆಯೇ. ಅಂಗಿ, ಅಂಚು, ಅಂಟು, ಅಂದ, ಅಂಬಲಿ ಎಂಬ ಐದು ಪದಗಳನ್ನು ನಿಧಾನವಾಗಿ ಹೇಳಿ, ಸೊನ್ನೆಯ ಜಾಗದಲ್ಲಿ ನಾಲಗೆ ಎಲ್ಲಿದೆ ಎಂದು ಗಮನಿಸಿ. ಐದು ಕಡೆ ಐದು ಬೇರೆ ಸದ್ದು: ಙ, ಞ, ಣ, ನ, ಮ. ಮುಂದಿನ ಅಕ್ಷರ ಬಾಯಿಯ ಯಾವ ಭಾಗದಲ್ಲಿ ಹುಟ್ಟುತ್ತದೋ ಅಲ್ಲಿಗೇ ಸೊನ್ನೆ ಮೊದಲೇ ಹೋಗಿ ಕೂತಿರುತ್ತದೆ. ದಿನಕ್ಕೆ ಸಾವಿರ ಸಲ ಇದನ್ನು ಮಾಡುತ್ತೇವೆ, ಒಮ್ಮೆಯೂ ಗಮನಿಸಿಲ್ಲ. ಬಾಯಿಗೆ ಐದಾದದ್ದು ಮನಸ್ಸಿಗೆ ಒಂದೇ. ಯಾವ ಸದ್ದುಗಳು ಅರ್ಥ ಬದಲಿಸುತ್ತವೆ, ಯಾವುವು ಬದಲಿಸುವುದಿಲ್ಲ ಎಂಬ ಈ ಲೆಕ್ಕಕ್ಕೆ ಧ್ವನಿಮಾ ವಿಜ್ಞಾನ ಎಂದು ಹೆಸರು. ಹಾಲು, ಕಾಲು, ಸಾಲು, ಪಾಲು: ಮೊದಲ ಸದ್ದೊಂದು ಬದಲಾದರೆ ಪದವೇ ಬದಲು. ಆದ್ದರಿಂದ ಹ, ಕ, ಸ, ಪ ಕನ್ನಡದಲ್ಲಿ ಬೇರೆ ಬೇರೆ ಧ್ವನಿಮಾಗಳು.

ಹಾಲಿನಲ್ಲಿ ಹಾಲಿನಂಥದ್ದು ಏನೂ ಇಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಬಿಳುಪೂ ಇಲ್ಲ, ಕೆನೆಯೂ ಇಲ್ಲ. ಸಂಸ್ಕೃತದಲ್ಲಿ ಅದು ಕ್ಷೀರ, ಹಿಂದಿಯಲ್ಲಿ ದೂಧ್, ತುಳುವಿನಲ್ಲಿ ಪೇರ್. ಸದ್ದಿಗೂ ಅರ್ಥಕ್ಕೂ ಇರುವ ನಂಟು ಬರೀ ಒಡಂಬಡಿಕೆಯದು ಎಂಬ ಮಾತು ಸ್ವಿಟ್ಜರ್ಲೆಂಡಿನ ಫರ್ಡಿನಾಂಡ್ ದ ಸೊಸ್ಸೂರ್ ಅವರ ಪಾಠಗಳಲ್ಲಿ ಬರುತ್ತದೆ. ಅವರು ತೀರಿಕೊಂಡ ಮೇಲೆ, 1916ರಲ್ಲಿ, ಶಿಷ್ಯರ ಟಿಪ್ಪಣಿಗಳಿಂದ ಆ ಪಾಠಗಳು ಪುಸ್ತಕವಾದವು. ಆಧುನಿಕ ಭಾಷಾವಿಜ್ಞಾನ ಶುರುವಾಗುವುದು ಹೆಚ್ಚುಕಡಿಮೆ ಅಲ್ಲಿಂದ.

ಇನ್ನು “ಅಜ್ಜಿಗೆ.” ಅಜ್ಜಿ ಎಂಬುದಕ್ಕೆ “ಗೆ” ಸೇರಿದೆ. ಅದೇ ಅಜ್ಜ ಆಗಿದ್ದರೆ “ಅಜ್ಜನಿಗೆ,” ಮರವಾದರೆ “ಮರಕ್ಕೆ,” ಊರಾದರೆ “ಊರಿಗೆ.” ಇದನ್ನು ಆ ಮಗು ಬಾಯಿಪಾಠ ಮಾಡಿದೆಯೇ? ಪರೀಕ್ಷಿಸಲು ಒಂದು ದಾರಿಯಿದೆ. ಇಲ್ಲದ ಪದವೊಂದನ್ನು ಹುಟ್ಟಿಸಿ. “ಗುಬಟ” ಎಂದಿಟ್ಟುಕೊಳ್ಳಿ, ಅದೊಂದು ಊರಿನ ಹೆಸರು. ಅಲ್ಲಿಗೆ ಹೋಗಬೇಕು. ಎಲ್ಲಿಗೆ? ಗುಬಟಕ್ಕೆ. ಈಗ ಗುಬಟ ಎಂಬುದು ಒಬ್ಬ ಗಂಡಸಿನ ಹೆಸರು. ಯಾರಿಗೆ ಕೊಟ್ಟೆ? ಗುಬಟನಿಗೆ. ಪದ ನಿಮಗೆ ಪರಿಚಯವಾಗಿ ಅರ್ಧ ನಿಮಿಷವೂ ಆಗಿಲ್ಲ, ಆದರೂ ಎರಡು ಸಲವೂ ನೀವು ತಡವರಿಸಲಿಲ್ಲ. ಅಂದರೆ ನಿಮ್ಮ ತಲೆಯಲ್ಲಿ ಪದಗಳ ಪಟ್ಟಿಯ ಜೊತೆಗೆ, ಪದ ಯಾವ ಸ್ವರದಲ್ಲಿ ಮುಗಿಯುತ್ತದೆ, ಅದು ಮನುಷ್ಯನೋ ವಸ್ತುವೋ ಎಂದು ನೋಡಿ ಪ್ರತ್ಯಯ ಆರಿಸುವ ಒಂದು ಯಂತ್ರವೂ ಇದೆ. 1958ರಲ್ಲಿ ಅಮೆರಿಕದ ಜೀನ್ ಬರ್ಕೊ ಇಂಗ್ಲಿಷ್ ಮಕ್ಕಳ ಮೇಲೆ ಇಂಥದ್ದೇ ಪ್ರಯೋಗ ಮಾಡಿದರು. ಹಕ್ಕಿಯಂಥ ಪ್ರಾಣಿಯ ಚಿತ್ರ ತೋರಿಸಿ ಇದು “ವಗ್” ಎಂದರು. ಎರಡಿದ್ದರೆ? ಮಕ್ಕಳು “ವಗ್ಸ್” ಎಂದವು. ಆ ಪದವನ್ನು ಅವು ಯಾರ ಬಾಯಲ್ಲೂ ಕೇಳಿರಲು ಸಾಧ್ಯವೇ ಇರಲಿಲ್ಲ. ಪದದ ಒಳಗಿನ ಈ ಜೋಡಣೆಯನ್ನು ಅಭ್ಯಾಸ ಮಾಡುವ ಶಾಖೆಗೆ ಆಕೃತಿಮಾ ವಿಜ್ಞಾನ ಎನ್ನುತ್ತಾರೆ. ಹೆಸರು ಭಾರ, ವಿಷಯ ಹಗುರ.

ಕನ್ನಡದ ಮಕ್ಕಳ ಮೇಲೂ ಹೆಸರಾದ ಪ್ರಯೋಗವೊಂದು ನಡೆದಿದೆ. ಏರು-ಏರಿಸು, ಕುಣಿ-ಕುಣಿಸು ಎಂಬಲ್ಲಿನ “ಇಸು” ಕನ್ನಡದಲ್ಲಿ ಬಹಳ ನಂಬಿಕಸ್ಥ ಪ್ರತ್ಯಯ. ಅದು ಬಂದರೆ ಒಬ್ಬರು ಇನ್ನೊಬ್ಬರಿಂದ ಏನೋ ಮಾಡಿಸುತ್ತಿದ್ದಾರೆ ಎಂದೇ ಅರ್ಥ. ಜೆಫ್ರಿ ಲಿಡ್ಜ್ ಮತ್ತು ಗ್ಲೀಟ್‌ಮನ್ ದಂಪತಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರು ವರ್ಷದ ಕನ್ನಡ ಮಕ್ಕಳಿಗೆ ವಾಕ್ಯ ಹೇಳಿ, ಆಟಿಕೆ ಪ್ರಾಣಿಗಳಿಂದ ಅದನ್ನು ಆಡಿ ತೋರಿಸಲು ಹೇಳಿದರು. ಮಕ್ಕಳು ಇಸುವಿನ ಕಡೆ ನೋಡಲೇ ಇಲ್ಲ. ವಾಕ್ಯದಲ್ಲಿ ಎಷ್ಟು ನಾಮಪದಗಳಿವೆ ಎಂದು ಎಣಿಸಿ, ಎರಡಿದ್ದರೆ ಒಂದು ಪ್ರಾಣಿ ಇನ್ನೊಂದಕ್ಕೆ ಏನೋ ಮಾಡುತ್ತಿದೆ ಎಂದು ತಿಳಿದರು. ಕೇಳಿದ್ದನ್ನಷ್ಟೇ ಒಟ್ಟುಗೂಡಿಸಿ ಮಗು ಭಾಷೆ ಕಲಿಯುವುದಾದರೆ ಇಸುವೇ ಮೊದಲು ಕಣ್ಣಿಗೆ ಬೀಳಬೇಕಿತ್ತು. ಮಗು ತನ್ನದೇ ಕೆಲವು ನಿರೀಕ್ಷೆಗಳನ್ನು ಹೊತ್ತೇ ಭಾಷೆಯ ಬಳಿ ಬರುತ್ತದೆ ಎಂಬ ವಾದಕ್ಕೆ ಇದು ಸಾಕ್ಷಿಯಾಯಿತು. ವಾದ ಇನ್ನೂ ಮುಗಿದಿಲ್ಲ. ಆದರೆ ಆ ಸಾಕ್ಷಿಪೆಟ್ಟಿಗೆಯಲ್ಲಿ ನಮ್ಮ ಮೂರು ವರ್ಷದ ಚಿಳ್ಳೆಗಳು ನಿಂತಿವೆ ಎಂಬುದು ನನಗೆ ಬಹಳ ಖುಷಿಯ ಸಂಗತಿ.

ಈಗ ವಾಕ್ಯ. ಶಾಲೆಯಲ್ಲಿ ಕರ್ತೃ, ಕರ್ಮ, ಕ್ರಿಯೆ ಎಂದು ಕಲಿತಿದ್ದೇವೆ. ಕರ್ತೃ ಪ್ರಥಮಾ ವಿಭಕ್ತಿಯಲ್ಲಿರುತ್ತದೆ ಎಂದೂ ಕಲಿತಿದ್ದೇವೆ. “ಅಜ್ಜಿಗೆ ಹಾಲು ಬೇಕು” ಎಂಬಲ್ಲಿ ಕರ್ತೃ ಎಲ್ಲಿ? ಬೇಕಾಗಿರುವುದು ಅಜ್ಜಿಗೆ, ಆದರೆ ಅಜ್ಜಿ ಚತುರ್ಥಿಯಲ್ಲಿ ಕೂತಿದ್ದಾರೆ. ಹಾಲು ಪ್ರಥಮೆಯಲ್ಲಿದೆ, ಆದರೆ ಹಾಲು ಏನನ್ನೂ ಮಾಡುತ್ತಿಲ್ಲ. ಕ್ರಿಯಾಪದವೋ, ನನಗೆ ಬೇಕು, ನಿನಗೆ ಬೇಕು, ಅವರಿಗೆ ಬೇಕು ಎಂದು ಯಾರ ಮಾತಿಗೂ ಸೊಪ್ಪು ಹಾಕದೆ ಒಂದೇ ರೂಪದಲ್ಲಿ ನಿಂತಿದೆ. ನನಗೆ ಗೊತ್ತು, ನನಗೆ ಜ್ವರ, ನನಗೆ ಹಸಿವು, ನನಗೆ ನೆನಪಿದೆ: ನಾವು ಮಾಡದೆ ನಮಗೆ ಬಂದೊದಗುವುದನ್ನೆಲ್ಲ ಕನ್ನಡ ಹೀಗೇ ಹೇಳುತ್ತದೆ. ಸಂಸ್ಕೃತದ ಅಚ್ಚಿನಲ್ಲಿ ಹೊಯ್ದ ವ್ಯಾಕರಣ ಇಂಥಲ್ಲಿ ತಡಕಾಡುತ್ತದೆ. ಡಿ. ಎನ್. ಶಂಕರ ಭಟ್ಟರು ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕು ಎಂದು ಜೀವಮಾನವಿಡೀ ವಾದಿಸಿದ್ದು ಸುಮ್ಮನೆ ಅಲ್ಲ. ಅವರು ಸೂಚಿಸಿದ ಕಾಗುಣಿತದ ಬದಲಾವಣೆಗಳನ್ನು ಒಪ್ಪುವುದು ಬಿಡುವುದು ಬೇರೆ ಮಾತು, ವ್ಯಾಕರಣದ ಬಗ್ಗೆ ಅವರು ಹೇಳಿದ್ದು ಸರಿ ಎಂದೇ ನನ್ನ ಅಭಿಪ್ರಾಯ.

ಇನ್ನೊಂದು ಚಮತ್ಕಾರ ನೋಡಿ. “ಹಾಲು ತಾ” ಎನ್ನಬಹುದು. “ಅಜ್ಜಿ ಕರಿ” ಎನ್ನಲಾಗುವುದಿಲ್ಲ, “ಅಜ್ಜೀನ ಕರಿ” ಎನ್ನಬೇಕು. ವಸ್ತುವಾದರೆ ದ್ವಿತೀಯಾ ಪ್ರತ್ಯಯ ಬಿಡಬಹುದು, ಮನುಷ್ಯರಾದರೆ ಬಿಡುವಂತಿಲ್ಲ. ಈ ನಿಯಮವನ್ನು ಯಾವ ಮೇಷ್ಟ್ರೂ ನಿಮಗೆ ಹೇಳಿಕೊಟ್ಟಿಲ್ಲ, ನೀವು ಒಮ್ಮೆಯೂ ತಪ್ಪಿಲ್ಲ.

ಹಿಂದಿಯವರೂ “ಮುಝೆ ದೂಧ್ ಚಾಹಿಯೇ” ಎನ್ನುತ್ತಾರೆ, ಮರಾಠಿಯವರು “ಮಲಾ ದೂಧ್ ಪಾಹಿಜೆ,” ತಮಿಳರು “ಎನಕ್ಕು ಪಾಲ್ ವೇಣುಂ.” ಎರಡು ಬೇರೆ ಭಾಷಾಕುಟುಂಬ, ವಾಕ್ಯದ ಮೂಳೆ ಒಂದೇ. ಒಟ್ಟಿಗೆ ಬಾಳಿದ ಭಾಷೆಗಳು ರಕ್ತಸಂಬಂಧವಿಲ್ಲದೆಯೂ ಒಂದನ್ನೊಂದು ಹೋಲತೊಡಗುತ್ತವೆ. ಭಾರತವೇ ಅಂಥದ್ದೊಂದು ಭಾಷಾವಲಯ ಎಂದು ಎಂ. ಬಿ. ಎಮನೋ 1956ರಲ್ಲಿ ತೋರಿಸಿಕೊಟ್ಟರು. ಇದರ ತುತ್ತತುದಿಯ ಉದಾಹರಣೆ ಕನ್ನಡ-ಮರಾಠಿ ಗಡಿಯಲ್ಲಿದೆ. ಸಾಂಗ್ಲಿ ಜಿಲ್ಲೆಯ ಕುಪವಾಡದಲ್ಲಿ ಜೈನರು ಕನ್ನಡ, ಮುಸ್ಲಿಮರು ಉರ್ದು, ದಲಿತರು ಮರಾಠಿ ಆಡುತ್ತಿದ್ದರು. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ವರದಿ ಮಾಡಿದಂತೆ, ತಲೆತಲಾಂತರದಿಂದ ಪರಸ್ಪರ ಮಾತಾಡಿ ಈ ಭಾಷೆಗಳ ವಾಕ್ಯರಚನೆ ಎಷ್ಟು ಹತ್ತಿರ ಬಂದಿತ್ತೆಂದರೆ, ಒಂದರ ಪದ ತೆಗೆದು ಆ ಜಾಗಕ್ಕೆ ಇನ್ನೊಂದರ ಪದ ಇಟ್ಟರೆ ಸಾಕು, ಅನುವಾದ ಮುಗಿಯುತ್ತಿತ್ತು. ವ್ಯಾಕರಣ ಊರಿಗೆಲ್ಲ ಒಂದು, ಪದಗಳು ಮನೆಮನೆಗೆ ಬೇರೆ.

ನನಗೆ ಅತ್ಯಂತ ಇಷ್ಟವಾದದ್ದು ಕೊನೆಯ “ಅಂತೆ.” ಎರಡೇ ಅಕ್ಷರ. ಅದು ಹೇಳುವುದು ಹಾಲಿನ ಬಗ್ಗೆಯೂ ಅಲ್ಲ, ಅಜ್ಜಿಯ ಬಗ್ಗೆಯೂ ಅಲ್ಲ, ಸುದ್ದಿಯ ಮೂಲದ ಬಗ್ಗೆ. ನಾನು ಕಂಡದ್ದಲ್ಲ, ಕೇಳಿದ್ದು. “ಮಳೆ ಬಂತು” ಎಂದರೆ ನೀವು ನೆನೆದಿದ್ದೀರಿ, “ಮಳೆ ಬಂತಂತೆ” ಎಂದರೆ ಬೇರೆ ಯಾರೋ ನೆನೆದಿದ್ದಾರೆ. ಟರ್ಕಿಯ ಭಾಷೆಯಲ್ಲಿಯೂ ಇಂಥ ಪ್ರತ್ಯಯವಿದೆ. ಇಂಗ್ಲಿಷಿನಲ್ಲಿ ಇಲ್ಲ, ಅಲ್ಲಿ ಅದನ್ನು ಬೇರೆ ಪದಗಳನ್ನು ಹೂಡಿಯೇ ಹೇಳಬೇಕು. ಧಾರವಾಡದ ಕಡೆ ಅದು “ಅಂತ” ಆಗುತ್ತದೆ, ಕುಂದಾಪುರದ ಕಡೆ “ಅಂಬ್ರ್.” ಒಂದೂರಲ್ಲಿ ಒಬ್ಬ ರಾಜ ಇದ್ದನಂತೆ ಎಂದು ಕಥೆ ಶುರುವಾಗುವುದೂ ಇದರಿಂದಲೇ, ಪಕ್ಕದ ಮನೆಯ ಗಂಡಹೆಂಡತಿ ಜಗಳ ಬೀದಿಗೆ ಬರುವುದೂ ಇದರಿಂದಲೇ. ಸಾಕ್ಷಿ ಹೇಳುವ ಜವಾಬ್ದಾರಿ ಇಲ್ಲದೆ ಸುದ್ದಿ ಹಂಚುವ ಸುಖ ಕೊಡುವ ಪ್ರತ್ಯಯ ಇದು.

ಆ ಮಗು ಅದನ್ನು ಎಷ್ಟು ಜಾಣತನದಿಂದ ಬಳಸಿತು ಎಂದು ಯೋಚಿಸಿ. ಅರ್ಥವಿಜ್ಞಾನದ ಲೆಕ್ಕದಲ್ಲಿ ಅವಳ ವಾಕ್ಯ ಬರೀ ವರದಿ: ಅಜ್ಜಿ ಹೀಗೆಂದರು. “ಕೊಡಿ” ಎಂದು ಅವಳು ಕೇಳಲೇ ಇಲ್ಲ. ಆದರೂ ಬೂತಿನವರು “ಹೌದಾ, ಸಂತೋಷ” ಎಂದು ಸುಮ್ಮನಾಗಲಿಲ್ಲ, ಹಾಲು ಖಾಲಿ ಎಂದು ಉತ್ತರ ಕೊಟ್ಟರು. ಆಡಿದ ಮಾತಿನ ಹಿಂದೆ ಆಡದ ಮಾತನ್ನು ಇಬ್ಬರೂ ಒಟ್ಟಿಗೆ ಓದಿಕೊಂಡರು. ಮಾತಿನಿಂದ ಕೆಲಸ ಹೇಗೆ ಆಗುತ್ತದೆ ಎಂಬುದನ್ನು ಆಕ್ಸ್‌ಫರ್ಡಿನ ಜೆ. ಎಲ್. ಆಸ್ಟಿನ್ ಅವರಿಂದ ಈಚೆಗೆ ಒಂದು ಪ್ರತ್ಯೇಕ ಶಾಖೆಯಾಗಿಯೇ ಅಭ್ಯಾಸ ಮಾಡುತ್ತಾರೆ. ಹೊರಟು ನಿಂತವರು “ಬರ್ತೀನಿ” ಎನ್ನುವ, ಬೆಳಗ್ಗೆ ಹನ್ನೊಂದು ಗಂಟೆಗೂ “ಊಟ ಆಯ್ತಾ?” ಎಂದು ಕೇಳುವ ನಮಗೆ ಇದರ ಉದಾಹರಣೆಗಳಿಗೆ ಬರವಿಲ್ಲ.

ಇನ್ನು ಬೂತಿನವರ “ಆಲು.” ನನ್ನ ಹಿಂದೆ ನಿಂತಿದ್ದ ಕಾಲೇಜು ಹುಡುಗರಿಬ್ಬರು ಅದನ್ನು ಕೇಳಿ ಕಿಸಕ್ಕನೆ ನಕ್ಕಿದ್ದರು. ಈ ಅಧ್ಯಾಯ ಬರೆಯಲು ನಿಜವಾದ ಕಾರಣ ಆ ನಗು.

ಸಾವಿರ ವರ್ಷ ಹಿಂದಕ್ಕೆ ಹೋಗೋಣ. 941ರಲ್ಲಿ ವಿಕ್ರಮಾರ್ಜುನ ವಿಜಯ ಮುಗಿಸಿದ ಪಂಪನಿಗೆ ಹಾಲು “ಪಾಲ್,” ಹೂ “ಪೂ,” ಹುಲಿ “ಪುಲಿ,” ಹೆಸರು “ಪೆಸರ್.” ತಮಿಳು, ಮಲಯಾಳ, ಕೊಡವದಲ್ಲಿ ಹಾಲು ಇವತ್ತಿಗೂ ಪಾಲ್, ತೆಲುಗಿನಲ್ಲಿ ಪಾಲು. ಕನ್ನಡದಲ್ಲಿ 10ನೇ ಶತಮಾನದ ಸುಮಾರಿಗೆ ಶಾಸನಗಳಲ್ಲಿ ಪಕಾರದ ಜಾಗದಲ್ಲಿ ಹಕಾರ ಇಣುಕತೊಡಗುತ್ತದೆ, ಮುಂದಿನ ಮೂರು ನಾಲ್ಕು ಶತಮಾನಗಳಲ್ಲಿ ಅದೇ ನೆಲೆಯೂರುತ್ತದೆ. ಕಾರಣ ಬಾಯಿಯಲ್ಲೇ ಇದೆ. ಪ ಹೇಳಲು ತುಟಿಗಳನ್ನು ಬಿಗಿಯಾಗಿ ಮುಚ್ಚಿ ಗಾಳಿ ತಡೆಯಬೇಕು. ತುಟಿ ಸ್ವಲ್ಪ ಸಡಿಲವಾದರೆ ಅದು ಊದಿದಂಥ ಫಕಾರ. ಇನ್ನೂ ಸಡಿಲವಾದರೆ ಉಳಿಯುವುದು ಬರೀ ಉಸಿರು, ಅಂದರೆ ಹ. ಆ ಉಸಿರೂ ತೇಲಿಹೋದರೆ “ಆಲು.”

ಇದು ಕನ್ನಡದ ಸೋಮಾರಿತನವಲ್ಲ, ಲೋಕದ ರೂಢಿ. ಸಂಸ್ಕೃತದ ಪಿತೃ ಇಂಗ್ಲಿಷಿನಲ್ಲಿ ಫಾದರ್, ಆರ್ಮೇನಿಯನ್ನಿನಲ್ಲಿ ಹಾಯ್ರ್, ಐರಿಷ್ ಭಾಷೆಯಲ್ಲಿ ಬರೆಯುವುದು “ಅಥೈರ್” ಎಂದು, ಪಕಾರದ ಗುರುತೇ ಇಲ್ಲ. ಪ, ಫ, ಹ, ಶೂನ್ಯ: ನಾಲ್ಕು ಮೆಟ್ಟಿಲೂ ಒಂದೇ ಕುಟುಂಬದಲ್ಲಿ. ಜಪಾನಿನಲ್ಲಿ ಹೂವಿಗೆ ಹಿಂದೆ “ಪನ,” ಈಗ “ಹನ.” ಸ್ಪೇನಿನವರು ಲ್ಯಾಟಿನ್ನಿನ ಫಕಾರವನ್ನು ಹಕಾರ ಮಾಡಿ, ಆಮೇಲೆ ಅದನ್ನೂ ಬಿಟ್ಟರು. ಬರೆಯುವಾಗ ಹಕಾರದ ಅಕ್ಷರ ಇದೆ, ಓದುವಾಗ ಇಲ್ಲ. ಅಂದರೆ ಅವರ ಬರಹ “ಹಾಲು” ಎನ್ನುತ್ತದೆ, ಬಾಯಿ “ಆಲು” ಎನ್ನುತ್ತದೆ. ಮ್ಯಾಡ್ರಿಡ್‌ನಲ್ಲಿ ಅದಕ್ಕೆ ಯಾರೂ ನಗುವುದಿಲ್ಲ.

ಬದಲಾವಣೆ ಕಂಡಕಂಡಲ್ಲಿ ನುಗ್ಗಲಿಲ್ಲ ಎಂಬುದನ್ನೂ ಗಮನಿಸಬೇಕು. ಅಪ್ಪ, ಉಪ್ಪು, ತುಪ್ಪ, ಕಪ್ಪು ಹಾಗೇ ಉಳಿದವು, ಒತ್ತಿದ್ದಲ್ಲಿ ತುಟಿ ಸಡಿಲವಾಗಲಿಲ್ಲ. ಬಹಳ ಹಿಂದೆಯೇ ಬಂದು ಮನೆಯವರಂತಾದ ಪರ್ವ, ಪಕ್ಷಿಗಳು ಹಬ್ಬ, ಹಕ್ಕಿ ಆದವು, ಪುಸ್ತಕದ ದಾರಿಯಲ್ಲಿ ಬಂದ ಅದೇ ಪದಗಳು ಪರ್ವ, ಪಕ್ಷಿಯಾಗಿಯೇ ನಿಂತವು. ಪದದ ನಡುವೆ ಸಿಕ್ಕಿಕೊಂಡ ಹಳೆಯ ಪಕಾರ ವೇಷ ಮರೆಸಿಕೊಂಡು ಇನ್ನೂ ಬದುಕಿದೆ. ಆದೇಶ ಸಂಧಿಗೆ ಉದಾಹರಣೆಯಾಗಿ “ಕಣ್ ಕೂಡಿಸು ಪನಿ, ಕಂಬನಿ” ಎಂದು ಉರುಹೊಡೆದವರು ನಾವೆಲ್ಲ. ಆ ಪನಿಯೇ ಇವತ್ತಿನ ಹನಿ ಎಂದು ನನಗೆ ಯಾರೂ ಹೇಳಿರಲಿಲ್ಲ.

ಎಲ್ಲಕ್ಕಿಂತ ಚೆಂದದ ಪುರಾವೆ ನಮ್ಮ ಎಣಿಕೆಯಲ್ಲಿದೆ. ಹತ್ತು ಹಿಂದೆ ಪತ್ತು. ಇಪ್ಪತ್ತು, ಎಪ್ಪತ್ತುಗಳಲ್ಲಿ ಅದು ಒತ್ತಿನ ಆಸರೆಯಲ್ಲಿ ಹಾಗೇ ಇದೆ. ಮೂವತ್ತು, ನಲವತ್ತು, ಐವತ್ತು, ಅರವತ್ತುಗಳಲ್ಲಿ ವತ್ತು ಆಗಿದೆ. ಒಂಬತ್ತು, ಎಂಬತ್ತು, ತೊಂಬತ್ತುಗಳಲ್ಲಿ ಬತ್ತು ಆಗಿದೆ. ಒಂಬತ್ತು ಎಂದರೆ ಒಂದು ಕಡಿಮೆ ಪತ್ತು. “ಆಲು ಖಾಲಿ, ಒಂಬತ್ತಕ್ಕೆ ಬತ್ತದೆ” ಎಂದ ಬೂತಿನವರ ಒಂದೇ ಉಸಿರಿನಲ್ಲಿ ನಮ್ಮೆಲ್ಲರಿಗಿಂತ ಮುಂದೆ ಹೋದ ಹಾಲೂ ಇತ್ತು, ಪಂಪನಿಗಿಂತ ಹಿಂದಿನ ಪತ್ತೂ ಇತ್ತು.

ಪಂಪ ಈಗ ಬಂದು ಸಾಲಿನಲ್ಲಿ ನಿಂತಿದ್ದರೆ ಹಾಲು, ಆಲು ಎರಡೂ ಅವನ ಕಿವಿಗೆ ಸಮನಾಗಿ ಕೆಟ್ಟ ಉಚ್ಚಾರಣೆಯೇ. ಹಕಾರಕ್ಕೆ ಮರ್ಯಾದೆ ಬಂದದ್ದು ಅದನ್ನಾಡಿದವರ ಕೈಗೆ ಬರಹ, ಶಾಲೆ, ಕಚೇರಿಗಳು ಬಂದದ್ದರಿಂದ. ಮಾತನ್ನು ಯಾರು ಆಡುತ್ತಾರೆ, ಅವರಿಗೆ ಸಮಾಜದಲ್ಲಿ ಯಾವ ಜಾಗ ಎಂದು ನೋಡುವುದು ಸಾಮಾಜಿಕ ಭಾಷಾವಿಜ್ಞಾನ. ನಗುವಿನ ಭಯಕ್ಕೆ “ಅಕ್ಕಿ ರೇಟು” ಎನ್ನುವಲ್ಲಿ “ಹಕ್ಕಿ ರೇಟು” ಎಂದುಬಿಡುವವರನ್ನು ಕಂಡಿದ್ದೇವೆ, ಅದಕ್ಕೂ ನಗುತ್ತೇವೆ. ಅದು ಅಜ್ಞಾನವಲ್ಲ. ಎಲ್ಲೆಲ್ಲಿ ತನ್ನ ಮಾತಿನಲ್ಲಿ ಅಕಾರವಿದೆಯೋ ಅಲ್ಲೆಲ್ಲ ಹಕಾರ ಸೇರಿಸಿದರೆ ಬಚಾವಾಗಬಹುದು ಎಂದು ಕಟ್ಟಿಕೊಂಡ ನಿಯಮ. ಲೆಕ್ಕದ ದಾರಿ ಸರಿ, ಉತ್ತರ ತಪ್ಪು. 9ನೇ ಶತಮಾನದ ಕವಿರಾಜಮಾರ್ಗದಲ್ಲೇ, ದೇಸಿಗೊಂದೊಂದು ಕನ್ನಡವಿದ್ದು ಅವುಗಳ ತಪ್ಪು ಎಣಿಸಲು ಕೂತರೆ ವಾಸುಕಿಗೂ ಸಾಕಾಗಿಹೋಗುತ್ತದೆ ಎಂಬರ್ಥದ ಮಾತಿದೆ. ಸಾವಿರ ನಾಲಗೆಯ ವಾಸುಕಿ ಕೈಬಿಟ್ಟ ಕೆಲಸವನ್ನು ನಾವು ಇನ್ನೂ ಹಚ್ಚಿಕೊಂಡು ಕೂತಿದ್ದೇವೆ.

ಪ್ರಾಥಮಿಕ ಶಾಲೆಯ ಮೇಷ್ಟ್ರು, ಮೇಡಂಗಳಲ್ಲಿ ಒಂದು ಕೋರಿಕೆ. ಮಗು ನೋಟ್‌ಪುಸ್ತಕದಲ್ಲಿ “ಆಲು” ಎಂದು ಬರೆದರೆ “ಹಾಲು” ಎಂದು ತಿದ್ದಿ, ಬರಹಕ್ಕೆ ಎಲ್ಲರಿಗೂ ಒಂದು ಒಪ್ಪಂದ ಬೇಕು. ಆದರೆ ಅದೇ ಮಗು ಬಾಯಲ್ಲಿ “ಆಲು” ಎಂದರೆ ತರಗತಿಯನ್ನು ನಗಲು ಬಿಡಬೇಡಿ. ಒಂದರಿಂದ ನೂರರವರೆಗೆ ಎಣಿಸಲು ಹೇಳಿ, ಪತ್ತು ಎಲ್ಲೆಲ್ಲಿ ಅಡಗಿದೆ ಎಂದು ಹುಡುಕಿಸಿ. ಒಂಬತ್ತು ಕಡೆ ಸಿಗುತ್ತದೆ.